ಗೋಡೆಗೆ ಬಂದ ನೀರು ಎಲ್ಲಿಯದು?

1911ರ ನವೆಂಬರಿನಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಶುರುವಾದಾಗ ವಿಶ್ವೇಶ್ವರಯ್ಯನವರ ಕೈಯಲ್ಲಿ ಕಲ್ಲಿತ್ತು, ದುಡಿಯುವ ಜನ ಇದ್ದರು, ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲ ಇತ್ತು. ಸಿಮೆಂಟ್ ಮಾತ್ರ ಇರಲಿಲ್ಲ. ಪೋರಬಂದರಿನಲ್ಲಿ ಸಿಮೆಂಟ್ ತಯಾರಾಗತೊಡಗಿದ್ದು 1914ರಲ್ಲಿ. ನಮ್ಮ ಭದ್ರಾವತಿಯ ಸಿಮೆಂಟ್ ಬರುವುದಕ್ಕೆ ಇನ್ನೂ ಕಾಲು ಶತಮಾನ ಬೇಕಿತ್ತು. ಹಡಗಿನಲ್ಲಿ ತರಿಸಿಕೊಂಡ ಪರದೇಶದ ಸಿಮೆಂಟಿನಿಂದ 8,600 ಅಡಿ ಉದ್ದದ ಕಟ್ಟೆ ಎಬ್ಬಿಸಹೊರಟರೆ ಖಜಾನೆಯ ತಳ ಕಾಣುತ್ತಿತ್ತು.

ಹಾಗಾಗಿ ಇಂದಿಗೂ ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುರ್ಕಿ ಗಾರೆ. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ, ನೀರು ಹಾಕಿ ಅರೆದದ್ದು, ಅಷ್ಟೇ. ಕೆ.ಆರ್.ಎಸ್. ನೋಡಲು ಹೋದವರು ಬೃಂದಾವನದ ಕಾರಂಜಿ ನೋಡುತ್ತಾರೆ. ಹೆಚ್ಚು ಆಸಕ್ತಿ ಇದ್ದವರು ಅಡಿಪಾಯ ಅಗೆಯುವಾಗ ಸಿಕ್ಕ ಟಿಪ್ಪುವಿನ ಪಾರ್ಸಿ ಶಾಸನವನ್ನೂ ನೋಡಿ ಬರುತ್ತಾರೆ. ಗಾರೆಯನ್ನು ನೋಡಿದೆ ಎಂದವರು ನನಗಂತೂ ಸಿಕ್ಕಿಲ್ಲ. ನೂರು ವರ್ಷ ನೀರಿನ ಒತ್ತಡದ ಎದುರು ನಿಂತಿರುವುದರಲ್ಲಿ ಕಲ್ಲಿನ ಪಾಲಿನಷ್ಟೇ ಅದರ ಪಾಲೂ ಇದೆ.

ಬರೀ ಸುಣ್ಣಕ್ಕೆ ಈ ಕೆಲಸ ಆಗುತ್ತಿರಲಿಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಕಾಯಿಸಿದರೆ ಅದರೊಳಗಿನ ಇಂಗಾಲಾಮ್ಲ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹೊಯ್ದರೆ ಬುಸುಗುಟ್ಟಿ, ಕುದಿದು, ಅರಳುತ್ತದೆ. ಆ ಅರಳಿದ ಸುಣ್ಣ ಗೋಡೆಯ ಮೇಲೆ ನಿಂತು ಗಾಳಿಯಿಂದ ಇಂಗಾಲಾಮ್ಲವನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಗಾಳಿ ತಾಕದ ಕಡೆ ಇದು ನಡೆಯುವುದಿಲ್ಲ. ಅಷ್ಟು ದಪ್ಪದ ಕಟ್ಟೆಯ ನಡುಮಧ್ಯಕ್ಕೆ ಗಾಳಿ ಹೋಗುವುದೆಲ್ಲಿಂದ? ನೀರಿನೊಳಗಂತೂ ಅದು ಮೊಸರಿನ ಹಾಗೆ ಮೆತ್ತಗೇ ಉಳಿಯುತ್ತದೆ.

ಇಟ್ಟಿಗೆಪುಡಿ ಸೇರಿಸಿದರೆ ಸುಣ್ಣ ಗಾಳಿಯ ಹಂಗಿಲ್ಲದೆ, ನೀರಿನಲ್ಲೇ ಗಟ್ಟಿಯಾಗುತ್ತದೆ ಎಂದು ಮೊದಲು ಕಂಡುಕೊಂಡವರ ಹೆಸರು ಯಾವ ಶಾಸನದಲ್ಲೂ ಇಲ್ಲ. ರೋಮನ್ನರು ನೇಪಲ್ಸ್ ಬಳಿಯ ಜ್ವಾಲಾಮುಖಿ ಬೂದಿ ಬೆರೆಸುತ್ತಿದ್ದರು. ಬೂದಿ ಸಿಗದ ಕಡೆ ಒಡೆದ ಹೆಂಚು ಕುಟ್ಟಿ ಹಾಕುತ್ತಿದ್ದರು. ನಮ್ಮಲ್ಲಿ ಬಾವಿ, ಕಲ್ಯಾಣಿ, ತೂಬು, ಬಚ್ಚಲು ಕಟ್ಟುವವರಿಗೆ ಇದು ಮನೆತನದ ವಿದ್ಯೆ. ಗೊತ್ತಿತ್ತು, ಆದರೆ ಯಾಕೆ ಎಂಬುದು ಗೊತ್ತಿರಲಿಲ್ಲ.

ಯಾಕೆ ಎಂದು ಹಟ ಹಿಡಿದು ಕೇಳಿದವನು ಎಂಜಿನಿಯರ್ ಜಾನ್ ಸ್ಮೀಟನ್. 1756ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಆಚೆ, ಎಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟುವ ಹೊಣೆ ಅವನ ಹೆಗಲಿಗೆ ಬಿತ್ತು. ಅಲ್ಲಿ ಮೊದಲು ಕಟ್ಟಿದ್ದ ಒಂದು ಗೋಪುರ ಬಿರುಗಾಳಿಗೆ ಹೋಗಿತ್ತು, ಇನ್ನೊಂದು ಬೆಂಕಿಗೆ. ದಿನಕ್ಕೆ ಎರಡು ಬಾರಿ ಉಬ್ಬರದಲ್ಲಿ ಮುಳುಗುವ ಬಂಡೆ ಅದು. ಗಾರೆ ಒಣಗಲು ಪುರುಸೊತ್ತೇ ಇಲ್ಲ. ಸ್ಮೀಟನ್ ಬೇರೆ ಬೇರೆ ಊರಿನ ಸುಣ್ಣ ತರಿಸಿ, ಎರಡು ಅಂಗುಲದ ಉಂಡೆ ಕಟ್ಟಿ, ನೀರಿಗೆ ಹಾಕಿ ನೋಡಿದ. ಬೆಳ್ಳಗಿನ, ಶುದ್ಧ ಸುಣ್ಣದ ಉಂಡೆಗಳು ಕರಗಿ ಹೋದವು. ಗಟ್ಟಿಯಾಗಿ ನಿಂತದ್ದು ವೇಲ್ಸಿನ ಆಬರ್ಥಾದಿಂದ ಬಂದ, ಬಣ್ಣಗೆಟ್ಟ, ಯಾರೂ ಮೆಚ್ಚದ ಸುಣ್ಣ. ಆ ಕಲ್ಲನ್ನು ಆಮ್ಲದಲ್ಲಿ ಕರಗಿಸಿದಾಗ ತಳದಲ್ಲಿ ಜೇಡಿಮಣ್ಣು ಉಳಿಯಿತು. ಸುಣ್ಣದ ಕುಂದು ಎಂದು ಎಲ್ಲರೂ ತಿಳಿದಿದ್ದ ಮಣ್ಣೇ ಅದರ ಬಲ ಎಂದು ಆಗ ಗೊತ್ತಾಯಿತು. ಅವನು ಕಟ್ಟಿದ ಗೋಪುರದ ಕೆಳಗಿನ ಬಂಡೆ ಸವೆದು, 1880ರ ದಶಕದಲ್ಲಿ ಮೇಲ್ಭಾಗವನ್ನು ಬಿಚ್ಚಿ ದಡಕ್ಕೆ ಒಯ್ಯಬೇಕಾಯಿತು. ಗಾರೆ ಹಿಡಿದ ಬುಡ ಇನ್ನೂ ಅಲ್ಲೇ ಇದೆ. ಮುಂದೆ ಫ್ರಾನ್ಸಿನ ಲೂಯಿ ವಿಕಾ ಇದೇ ಎಳೆ ಹಿಡಿದು, ಸುಣ್ಣ ಮತ್ತು ಜೇಡಿಯನ್ನು ಬೇಕಾದ ಪ್ರಮಾಣದಲ್ಲಿ ತಾನೇ ಬೆರೆಸಿ ಸುಟ್ಟ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಇವತ್ತಿನ ಚೀಲದ ಸಿಮೆಂಟಿಗೆ ಅದೇ ಹೆಸರು.

ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಸಿಗುವ ಗಂಟುಗಂಟಾದ ಸುಣ್ಣಕಲ್ಲಿನಲ್ಲೂ ಜೇಡಿ ಸಹಜವಾಗಿಯೇ ಇರುತ್ತದೆ. ಎಲೆಯಡಿಕೆಗೆ ಅದು ಹಿಡಿಸುವುದಿಲ್ಲ, ಗಾರೆಗೆ ಒಳ್ಳೆಯದು.

ಇಟ್ಟಿಗೆಯಲ್ಲೂ ಒಂದು ಮರ್ಮ ಇದೆ. ಹಸಿ ಜೇಡಿ ಸುಣ್ಣದೊಂದಿಗೆ ಬೇಗ ಬೆರೆಯುವುದಿಲ್ಲ. 600ರಿಂದ 800 ಡಿಗ್ರಿಯ ಶಾಖದಲ್ಲಿ ಅದರ ಹರಳಿನೊಳಗೆ ಸೇರಿಕೊಂಡ ನೀರು ಹೊರಟು, ಕಟ್ಟು ಸಡಿಲಗೊಂಡು, ಸುಣ್ಣವನ್ನು ಹಿಡಿಯಲು ಕಾದಿರುತ್ತದೆ. ಇನ್ನೂ ಹೆಚ್ಚು ಸುಟ್ಟರೆ ಗಾಜುಗಟ್ಟಿ ಮತ್ತೆ ಜಡವಾಗುತ್ತದೆ. ಗೋಡೆಗಾದರೆ, ತಟ್ಟಿದಾಗ ಟಣ್ ಎನ್ನುವ ಇಟ್ಟಿಗೆ ಬೇಕು. ಸುರ್ಕಿಗೆ ಅದು ಆಗದು. ನಾಡ ಭಟ್ಟಿಯ ಅಂಚಿನಲ್ಲಿ ಕುಳಿತು ಅರೆಬೆಂದು ಬಂದ, ಮೇಸ್ತ್ರಿ ಪಕ್ಕಕ್ಕೆ ಎಸೆದ ಇಟ್ಟಿಗೆಯೇ ಸುರ್ಕಿಗೆ ಸರಿ. ಇಂದು ಬಾಡಿಗೆ ಮಿಕ್ಸಿಯಲ್ಲಿ ಯಾವುದೋ ಹಳೆ ಇಟ್ಟಿಗೆ ಅರೆದು ‘ಪಾರಂಪರಿಕ ಗಾರೆ’ ಎಂದು ಹಚ್ಚಿಸಿಕೊಳ್ಳುವವರಲ್ಲಿ ಕೆಲವರಿಗೆ ಅದು ಪುಡಿಪುಡಿಯಾಗಿ ಉದುರುವುದಕ್ಕೆ ಕಾರಣ ಇದೇ ಎನಿಸುತ್ತದೆ.

ಕಟ್ಟೆಗಿಂತ ನೂರಿಪ್ಪತ್ತು ವರ್ಷ ಹಳೆಯ ಪುರಾವೆ ಶ್ರೀರಂಗಪಟ್ಟಣದಲ್ಲೇ ಇದೆ. ಟಿಪ್ಪುವಿನ ಕಾಲದ ಮದ್ದಿನ ಮನೆಗಳು. ಮದ್ದು ಒದ್ದೆಯಾದರೆ ಯುದ್ಧ ಸೋತಂತೆಯೇ. ಎರಡು ಕಡೆ ಕಾವೇರಿ ಹರಿಯುವ ದ್ವೀಪದಲ್ಲಿ, ಒಂದಷ್ಟು ನೆಲದೊಳಗೆ ಹೂತ ಕೋಣೆಯನ್ನು ಒಣಗಿಸಿಡುವುದು ಸುಲಭದ ಮಾತಲ್ಲ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆ, ಮೇಲೆ ನೀರು ನಿಲ್ಲದ ಕಮಾನು ಮಾಡು. ಆ ಮದ್ದಿನ ಮನೆಗಳಲ್ಲೊಂದು ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗಕ್ಕೆ ಅಡ್ಡ ಬಂತು. ಒಡೆಯುವ ಬದಲು 2017ರಲ್ಲಿ ಅದನ್ನು ಇಡಿಯಾಗಿ ಬುಡದಿಂದ ಬಿಡಿಸಿ, ಜಾಕಿಗಳ ಮೇಲೆ ಎತ್ತಿ, ನೂರು ಮೀಟರಿಗೂ ಆಚೆಗೆ ಸರಿಸಿ ಕೂರಿಸಿದರು. ನೂರಾರು ಟನ್ ತೂಕದ, ಇನ್ನೂರು ವರ್ಷ ದಾಟಿದ ಸುಣ್ಣದ ಕಟ್ಟಡ ಬಿರಿಯದೆ ಪ್ರಯಾಣ ಮಾಡಿತು. ಸುಣ್ಣದ ಗಾರೆ ಸಿಮೆಂಟಿನಷ್ಟು ಗಡಸಲ್ಲ, ಸ್ವಲ್ಪ ಬಳುಕುತ್ತದೆ. ಅವತ್ತು ಆ ಗುಣವೂ ಕೈಹಿಡಿದಿರಬೇಕು.

ಇನ್ನು ಮೇಲ್ಮೈ. ಗೋಡೆ ಎದ್ದ ಮೇಲೆ ಅದಕ್ಕೆ ಗಿಲಾವು ಬೇಕಲ್ಲ. ದಕ್ಷಿಣದ ಗಿಲಾವಿನ ಹೊಳಪು ಕಂಡು ಕಂಪನಿಯ ಕಾಲದ ಇಂಗ್ಲಿಷರು ಬೆರಗಾಗಿದ್ದರು. ಅಮೃತಶಿಲೆ ಎಂದು ಮುಟ್ಟಿ ನೋಡುತ್ತಿದ್ದರು. ಮುಂದೆ ನೆಪೋಲಿಯನ್ ಸೆರೆಯಲ್ಲಿ ಸತ್ತ ಸೇಂಟ್ ಹೆಲೀನಾ ದ್ವೀಪಕ್ಕೆ ಗವರ್ನರ್ ಆಗಿದ್ದ ಐಸಾಕ್ ಪೈಕ್ ಎಂಬಾತ ಮದರಾಸಿನ ಗಾರೆ ಮಾಡುವ ಬಗೆಯನ್ನು ಬರೆದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1732ರಲ್ಲಿ ಅಚ್ಚು ಹಾಕಿಸಿದ. ಅದರಲ್ಲಿರುವ ಸಾಮಾನು ಓದಿದರೆ ನಮ್ಮ ಕಡೆಯ ದಿನಸಿ ಅಂಗಡಿಯ ಚೀಟಿ: ಸುಣ್ಣ, ಮರಳು, ಅದಕ್ಕೆ ಬೆಲ್ಲದ ನೀರು, ಬೇಯಿಸಿ ಸೋಸಿದ ಕಾಳಿನ ಕಟ್ಟು, ಅಳಲೆಕಾಯಿಯ ಕಷಾಯ. ಕಾಳು ಹುರುಳಿಯೇ ಇರಬೇಕು, ಅವನ ವರ್ಣನೆ ಹಾಗಿದೆ. ಇದನ್ನೆಲ್ಲ ಹಾಕಿ ಕುಟ್ಟಬೇಕು, ಮತ್ತೆ ಕುಟ್ಟಬೇಕು.

ಬೆಲ್ಲ ಯಾಕೆ? ನಂಬಿಕೆ, ಮಡಿ, ದೇವರ ಪ್ರಸಾದ ಎಂದು ನಗುವವರಿದ್ದರು. ಕಾರಣ ರಸಾಯನಶಾಸ್ತ್ರದಲ್ಲಿದೆ. ಸುಣ್ಣ ನೀರಿನಲ್ಲಿ ಕರಗುವುದು ತೀರ ಕಡಿಮೆ, ಲೀಟರಿಗೆ ಎರಡು ಗ್ರಾಂ ಕೂಡ ಇಲ್ಲ. ಸಕ್ಕರೆ ಇದ್ದರೆ ಸುಣ್ಣ ಅದಕ್ಕೆ ಅಂಟಿಕೊಂಡು ಹಲವು ಪಟ್ಟು ಹೆಚ್ಚು ಕರಗುತ್ತದೆ, ಗೋಡೆಯ ಸಂದುಗೊಂದಿಗೆ ಇಳಿಯುತ್ತದೆ. ಗಾರೆ ತಡವಾಗಿ ಬಿಗಿಯುವುದರಿಂದ ಕುಟ್ಟಲು, ಉಜ್ಜಲು, ಹೊಳಪು ತರಲು ಕೆಲಸದವರಿಗೆ ವೇಳೆ ಸಿಗುತ್ತದೆ. ಚೀನಾದ ಹಳೆಯ ಕೋಟೆಗೋಡೆಗಳ ಗಾರೆಯಲ್ಲಿ ಅಂಟಕ್ಕಿಯ ಗಂಜಿ ಇದೆ ಎಂಬುದನ್ನು ಅಲ್ಲಿನ ವಿಜ್ಞಾನಿಗಳು 2010ರ ಹೊತ್ತಿಗೆ ಬಿಡಿಸಿ ತೋರಿಸಿದರು: ಗಂಜಿಯ ಪಿಷ್ಟ ಸುಣ್ಣದ ಹರಳುಗಳನ್ನು ದೊಡ್ಡದಾಗಲು ಬಿಡದೆ, ಸಣ್ಣಸಣ್ಣದಾಗಿ ಒತ್ತೊತ್ತಾಗಿ ಬೆಳೆಸುತ್ತದೆ. ಸಾವಯವ ಗಾರೆಗಳ ಮೇಲೆ ವೆಲ್ಲೂರಿನ ವಿಐಟಿಯಲ್ಲೂ ಅಧ್ಯಯನ ನಡೆದಿದೆ. ಅದೇ ಬೆಲ್ಲದ ನೀರು ಸಿಮೆಂಟಿಗೆ ಬಿದ್ದರೆ ಕೆಲಸ ಕೆಟ್ಟಿತು. ಚಿಟಿಕೆ ಸಕ್ಕರೆಯೂ ಕಾಂಕ್ರೀಟು ಬಿಗಿಯುವುದನ್ನು ಗಂಟೆಗಟ್ಟಲೆ ಮುಂದೂಡುತ್ತದೆ. ಹೆಚ್ಚಾದರೆ ಅದು ಬಿಗಿಯದೇ ಹೋಗಬಹುದು.

ಪಾಂಡವಪುರ, ಕೆ.ಆರ್. ಪೇಟೆಯ ಆಲೆಮನೆಗಳಲ್ಲಿ ಇದೇ ನಂಟನ್ನು ಮಗುಚಿ ನೋಡಬಹುದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಹುಳಿ ಮುರಿಯಲು ಸುಣ್ಣದ ತಿಳಿ ಹಾಕುತ್ತಾರೆ. ಬೆಂಡೆಯ ಲೋಳೆ ಹಾಕಿ ಕೊಳೆ ಎತ್ತುತ್ತಾರೆ. ಸುಣ್ಣ ಬೆಲ್ಲಕ್ಕೆ, ಬೆಲ್ಲ ಸುಣ್ಣಕ್ಕೆ. ಸುರ್ಕಿಯ ಕಟ್ಟೆ ನಿಲ್ಲಿಸಿದ ನೀರೇ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ ಸೀಮೆಗೆ ಕಬ್ಬು ತಂದಿತು, 1933ರಲ್ಲಿ ಮಂಡ್ಯಕ್ಕೆ ಮೈಸೂರು ಸಕ್ಕರೆ ಕಂಪನಿ ಬಂತು.

ಗಾರೆ ಎಷ್ಟೇ ಒಳ್ಳೆಯದಿರಲಿ, ಮಳೆಯನ್ನು ಮೊದಲು ತಡೆಯಬೇಕಾದದ್ದು ಸೂರು. ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಅರಮನೆ, 1784ರ ದರಿಯಾ ದೌಲತ್, ತೇಗದ ಕಟ್ಟಡ. ಪೊಳ್ಳಿಲೂರು ಕದನದ ಆ ದೊಡ್ಡ ಚಿತ್ರ ಇರುವುದು ಹೊರಗೋಡೆಯ ಮೇಲೆ. ಸುತ್ತಲೂ ಅಗಲ ಜಗುಲಿ, ಮುಂದಕ್ಕೆ ಚಾಚಿದ ಮಾಡು, ಬಿಸಿಲಿಗೆ ಇಳಿಬಿಟ್ಟ ಪರದೆ. ನಡುವೆ ಒಮ್ಮೆ ಕೆಟ್ಟು, ಡಾಲ್‌ಹೌಸಿಯ ಆಜ್ಞೆಯ ಮೇಲೆ ಮತ್ತೆ ಬರೆಸಬೇಕಾಯಿತು, ನಿಜ. ಆದರೆ ಆ ಜಗುಲಿ ಇಲ್ಲದಿದ್ದರೆ ಮತ್ತೆ ಬರೆಸಲು ಗುರುತೂ ಉಳಿಯುತ್ತಿರಲಿಲ್ಲ. ಅತ್ತ ನಾಗಮಂಗಲದ ಸೌಮ್ಯಕೇಶವನ ರಾಜಗೋಪುರಕ್ಕೆ ಸೂರಿಲ್ಲ. ಕಲ್ಲಿನ ಬುಡದ ಮೇಲೆ ಇಟ್ಟಿಗೆ ಗಾರೆಯ ಅಂತಸ್ತುಗಳು ಬಯಲಿಗೆ ಮೈಯೊಡ್ಡಿ ನಿಂತಿವೆ. ಅಂಥ ಕಟ್ಟಡದ ಕಾವಲು ಕಾಲಕಾಲಕ್ಕೆ ಬಳಿಯುವ ಸುಣ್ಣ. ಕೂದಲೆಳೆ ಬಿರುಕಿನೊಳಗೆ ನೀರು ಇಳಿದಾಗ ಅಲ್ಲಿನ ಸುಣ್ಣ ಕೊಂಚ ಕರಗಿ, ಒಣಗುವಾಗ ಮತ್ತೆ ಅಲ್ಲೇ ಹರಳುಗಟ್ಟಿ ಬಿರುಕು ಮುಚ್ಚುತ್ತದೆ. ಹೀರಿಕೊಂಡ ತೇವ ಮೈಯಿಂದಲೇ ಆರಿಹೋಗುತ್ತದೆ. ಸುಣ್ಣದ ಗೋಡೆ ನೀರನ್ನು ತಡೆಯುತ್ತದೆ ಎನ್ನುವುದಕ್ಕಿಂತ, ಬಂದ ನೀರನ್ನು ಹಿಂದಕ್ಕೆ ಕಳಿಸುತ್ತದೆ ಎನ್ನುವುದು ಸರಿ.

ಇದು ಗೊತ್ತಿಲ್ಲದೆ ಹಳೆಯ ಗೋಡೆಗಳಿಗೆ ‘ಗಟ್ಟಿ ಇರಲಿ’ ಎಂದು ಸಿಮೆಂಟ್ ಗಿಲಾವು ಹೊಡೆಸಿದ ಕಡೆಯೆಲ್ಲ ಒಂದೇ ಫಲ. ಅಡಿಯಿಂದ ಏರಿದ ತೇವಕ್ಕೆ ಹೊರದಾರಿ ಇಲ್ಲ. ಅದರ ಜೊತೆ ಬಂದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಉಬ್ಬುತ್ತದೆ. ಒಂದು ದಿನ ತಟ್ಟೆಯಗಲದ ಹಕ್ಕಳೆ, ಹಿಂದಿನ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಉದುರುತ್ತದೆ. ಗೋಡೆ ಕೆಟ್ಟಿತ್ತು, ಸಿಮೆಂಟೂ ನಿಲ್ಲಲಿಲ್ಲ ಎನ್ನುತ್ತಾರೆ ಮನೆಯವರು.

ಈ ಪಾಠವನ್ನು ಹೊಸ ಕಾಲದ ಕಟ್ಟಡ ಮತ್ತೊಮ್ಮೆ, ಬೇರೆಯದೇ ದಾರಿಯಲ್ಲಿ ಕಲಿಯಬೇಕಾಯಿತು. 1935ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಾಲಯ, ಕಂಬ ತೊಲೆಗಳ ಭಾರದ ಒಂದು ಪಾಲನ್ನು ಗೋಡೆಯ ಹಲಗೆಯೇ ಹೊರಬಲ್ಲದೇ ಎಂದು ಪರೀಕ್ಷಿಸತೊಡಗಿತು. 1950ರ ದಶಕದಲ್ಲಿ ವಾಸ್ತುಶಿಲ್ಪಿ ಆಲ್ಡನ್ ಡೋ ಎರಡು ಹಲಗೆಗಳ ನಡುವೆ ನೊರೆ ಪ್ಲಾಸ್ಟಿಕ್ ತುಂಬಿ ಮನೆ ಕಟ್ಟಿದ. ಇಂದಿನ ಎಸ್‌ಐಪಿ ಹಲಗೆ ಅದರ ಮರಿ: ಮರದ ಚಕ್ಕೆಗಳನ್ನು ಅಂಟಿನಿಂದ ಒತ್ತಿದ ಓಎಸ್‌ಬಿ ಎರಡು ಮೈಗೆ, ನಡುವೆ ಥರ್ಮೋಕೋಲ್ ಜಾತಿಯ ತಿರುಳು. ಕಾರ್ಖಾನೆಯಲ್ಲಿ ಅಳತೆಗೆ ಕತ್ತರಿಸಿ ತಂದು ಜೋಡಿಸಿದರೆ ಕೆಲವೇ ದಿನಗಳಲ್ಲಿ ಮನೆ ನಿಲ್ಲುತ್ತದೆ. ಒಳಗೆ ಸೆಕೆಯೂ ಕಡಿಮೆ, ಚಳಿಯೂ ಕಡಿಮೆ.

ಅಲಾಸ್ಕಾದ ರಾಜಧಾನಿ ಜೂನೋ, ವರ್ಷದ ಬಹುಪಾಲು ಮಳೆ ಜಿನುಗುವ ತಣ್ಣನೆಯ ಊರು. ಅಲ್ಲಿ ಈ ಹಲಗೆಗಳಿಂದ ಕಟ್ಟಿದ ಮಾಡುಗಳು ಕೆಲವೇ ವರ್ಷಗಳಲ್ಲಿ ಕೊಳೆತಿದ್ದು 2000ದ ಆಸುಪಾಸಿನಲ್ಲಿ ಬೆಳಕಿಗೆ ಬಂತು. ಮೇಲಿನ ಓಎಸ್‌ಬಿ ಕೈಯಲ್ಲಿ ಹಿಡಿದರೆ ಹುಡಿಯಾಗುತ್ತಿತ್ತು. ಅಂಥ ಊರಿನಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು ಮಳೆಯೇ: ಹೊದಿಕೆ ಸೋರಿದೆ, ಇನ್ನೊಂದು ಪದರ ಹಾಸಿ. ಬಿಚ್ಚಿ ನೋಡಿದವರಿಗೆ ಕಂಡದ್ದು ಬೇರೆ. ಹಲಗೆಯ ನಡುಭಾಗ ಒಣಗಿಯೇ ಇತ್ತು; ಕೊಳೆ ಇದ್ದದ್ದು ಕೀಲುಗಳ ಗುಂಟ, ಅದೂ ಮಾಡಿನ ನೆತ್ತಿಯ ಬಳಿ. ಮಳೆನೀರು ಕೆಳಕ್ಕೆ ಇಳಿಯುತ್ತದೆ. ನೆತ್ತಿಗೆ ಏರುವುದು ಬಿಸಿಗಾಳಿ. ಅಡುಗೆ, ಸ್ನಾನ, ಉಸಿರಿನ ತೇವ ಹೊತ್ತ ಮನೆಯೊಳಗಿನ ಗಾಳಿ ಮೇಲೇರಿ, ಸರಿಯಾಗಿ ಮುಚ್ಚದ ಕೀಲಿನ ಸಂದಿನಲ್ಲಿ ನುಸುಳಿ, ಹೊರಗಿನ ತಣ್ಣನೆಯ ಓಎಸ್‌ಬಿಗೆ ತಾಕಿ ನೀರಾಗುತ್ತಿತ್ತು. ಮೇಲಿನ ಹೊದಿಕೆ ಎಷ್ಟು ಬಿಗಿಯಾಗಿತ್ತೋ ಆ ನೀರು ಆರುವುದು ಅಷ್ಟು ಕಷ್ಟವಾಯಿತು. 2001ರ ತಪಾಸಣೆಯಿಂದ ಹೊರಬಂದದ್ದು ಇದು: ಕೀಲುಗಳನ್ನು ಒಳಗಡೆಯಿಂದ ಗಾಳಿಯಾಡದಂತೆ ಮುಚ್ಚಿ, ಹೊರಗಡೆ ಹೊದಿಕೆಗೂ ಹಲಗೆಗೂ ನಡುವೆ ಗಾಳಿಯಾಡಲು ಬಿಡಿ.

ಮಂಡ್ಯ ಜಿಲ್ಲೆಗೆ ಜೂನೋದ ಚಳಿ ಇಲ್ಲ, ವರ್ಷದ ಮಳೆ ಸುಮಾರು 700 ಮಿಲಿಮೀಟರ್. ಆದರೆ ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಗಾಳಿಯೊಂದಿಗೆ ಅಡ್ಡಡ್ಡ ಹೊಡೆಯುತ್ತದೆ, ಬಿಸಿಲು ಬಣ್ಣವನ್ನು ಬಿರಿಸುತ್ತದೆ, ಗೆದ್ದಲು ಥರ್ಮೋಕೋಲಿನಲ್ಲೂ ಸುರಂಗ ಕೊರೆಯುತ್ತದೆ. ಏಸಿ ಹಾಕಿದ ಮನೆಯಲ್ಲಿ ಜೂನೋದ ಲೆಕ್ಕ ತಿರುಗಿಬೀಳುತ್ತದೆ: ತೇವದ ಗಾಳಿ ಹೊರಗಿನಿಂದ ನುಸುಳಿ ತಣ್ಣನೆಯ ಒಳಮೈಗೆ ತಾಕುತ್ತದೆ. ಅಲ್ಲಿಗೆ ಒಳಗೋಡೆಗೆ ಹಚ್ಚಿದ ವಿನೈಲ್ ಹಾಳೆಯ ಹಿಂದೆ ಬೂಷ್ಟು. ಓಎಸ್‌ಬಿಯ ಬದಲು ಬಣ್ಣದ ತಗಡಿನ ನಡುವೆ ಪಫ್ (ಪಾಲಿಯುರೆಥೇನ್ ನೊರೆ) ತುಂಬಿದ ಹಲಗೆಯಾದರೆ ಕೊಳೆಯುವ ಭಯ ಕಡಿಮೆ, ಕೀಲಿನ ಭಯ ಅಷ್ಟೇ ಇರುತ್ತದೆ. ತಂತಿಬಲೆ ಹೊದಿಸಿ ಎರಡೂ ಕಡೆ ಸಿಮೆಂಟ್ ಎರಚುವ ಥರ್ಮೋಕೋಲ್ ಹಲಗೆ ನಮ್ಮ ಹವೆಗೆ ಇವೆರಡಕ್ಕಿಂತ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಎಸ್‌ಐಪಿ ಹಲಗೆಯ ಮನೆ ಕಟ್ಟಿಸಲು ಹೊರಟವರಿಗೆ ಒಂದೆರಡು ಮಾತು. ಗುತ್ತಿಗೆದಾರ ಬಣ್ಣದ ಕ್ಯಾಟಲಾಗ್ ತೆರೆಯುವ ಮೊದಲು, ಹಲಗೆಯ ಕೀಲಿಗೆ ಏನು ತುಂಬುತ್ತೀರಿ, ಅದರ ಮೇಲೆ ಯಾವ ಪಟ್ಟಿ ಅಂಟಿಸುತ್ತೀರಿ ಎಂದು ಕೇಳಿ. ಕತ್ತರಿಸಿದ ಓಎಸ್‌ಬಿ ಅಂಚು ನೀರು ಕುಡಿದು ಊದಿಕೊಳ್ಳುತ್ತದೆ. ಕಿಟಕಿ ಕೂರಿಸುವ ಮುಂಚೆ ಆ ಅಂಚುಗಳನ್ನು ಮುಚ್ಚಿಸಿ, ಕಿಟಕಿಯ ಕೆಳಗೆ ನೀರು ಹೊರಕ್ಕೆ ಹರಿಯುವ ತಗಡು ಹಾಕಿಸಿ. ಹೊರ ಗಿಲಾವನ್ನು ಹಲಗೆಗೆ ನೇರವಾಗಿ ಮೆತ್ತಲು ಬಿಡಬೇಡಿ, ನಡುವೆ ಬೆರಳಗಲ ಸಂದಿರಲಿ, ಅದರ ತಳ ತೆರೆದಿರಲಿ. ಹಲಗೆಯ ಬುಡ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ಸೂರನ್ನು ಎರಡಡಿ ಚಾಚಿಸಿ. ‘ವಾಟರ್‌ಪ್ರೂಫ್ ಪೇಂಟ್ ಹೊಡೆದುಬಿಡ್ತೀವಿ ಸಾರ್, ಏನೂ ಆಗಲ್ಲ’ ಎಂಬ ಉತ್ತರ ಬಂದರೆ ಬೇರೆ ಗುತ್ತಿಗೆದಾರನನ್ನು ಹುಡುಕಿ.